ಬಾಗಿಲಿನವನ ಸಂಬಳ: ಅಘನಾಶಿನಿ ಅಳಿವೆಯ ಒಂದು ಗಜನಿ ಊರಿನ ಪ್ರಕರಣ

ಈ ಬರಹದಲ್ಲಿ ಊರಿನ ಹೆಸರಿಲ್ಲ, ಜನರ ಹೆಸರೂ ಇಲ್ಲ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಅಳಿವೆಯ ಅಂಚಿಗೆ ಇಂಥ ಊರುಗಳು ಹಲವಿವೆ. ಓದಿದವರಿಗೆ ಇದು ತಮ್ಮದೇ ಊರು ಅನ್ನಿಸಿದರೆ ಆಶ್ಚರ್ಯವೇನಿಲ್ಲ. ಗುರುತು ಹತ್ತಬಾರದೆಂದು ಎಕರೆಯ ಲೆಕ್ಕವನ್ನು ಬಿಟ್ಟಿದ್ದೇನೆ, ಕೆಲವು ಮನೆತನದ ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಹಣ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವ ತೀರ್ಮಾನವನ್ನು ಯಾವ ಒತ್ತಡದಲ್ಲಿ ತೆಗೆದುಕೊಂಡರು ಎಂಬುದನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ. ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತನಾದವನು ನಾನು. ಗಜನಿ ಎಂದರೆ ಅಳಿವೆಯ ಅಂಚಿನಲ್ಲಿ ಒಡ್ಡು ಕಟ್ಟಿ ಮಾಡಿಕೊಂಡ ಗದ್ದೆ. ಅದರ ಸಮಿತಿಯ ಹಳೆಯ ಪುಸ್ತಕಗಳನ್ನು ಓದಿ ಹೇಳಬೇಕು ಎಂದು ಊರಿನವರು ಕರೆದಿದ್ದರು. ಹಾಗಾಗಿ ಈ ಕಥೆಯನ್ನು ನಾನು ನೋಡಿದ್ದು ಪುಸ್ತಕದ ಕಡೆಯಿಂದ. ಮೀನಿನ ತಜ್ಞರೋ ಭತ್ತದ ತಜ್ಞರೋ ಬರೆದರೆ ಬೇರೆ ಕಡೆಯಿಂದ ಬರೆದಾರು.

ಹಿನ್ನೆಲೆ

ಅಘನಾಶಿನಿ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುತ್ತದೆ ಎಂಬುದು ಜನರ ನಂಬಿಕೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ಮಿರ್ಜಾನ ಕೋಟೆಯ ಸೀಮೆಯನ್ನು ಹಾದು, ತದಡಿಯ ಹತ್ತಿರ ಕಡಲು ಸೇರುತ್ತದೆ. ಕಾಳಿಗೂ ಶರಾವತಿಗೂ ದೊಡ್ಡ ಅಣೆಕಟ್ಟುಗಳು ಬಂದವು, ಈ ಹೊಳೆಗೆ ಬರಲಿಲ್ಲ. ಅದರಿಂದಾಗಿ ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಪೂರ್ತಿ ರಭಸದಿಂದ ಇಳಿದು ಅಳಿವೆಯ ಉಪ್ಪನ್ನು ಹೊರಗೆ ದಬ್ಬುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕಡಲಿನ ಉಬ್ಬರ ಒಳನಾಡಿನವರೆಗೆ ನುಗ್ಗುತ್ತದೆ. ವರ್ಷದಲ್ಲಿ ಅರ್ಧ ಕಾಲ ಸಿಹಿ, ಅರ್ಧ ಕಾಲ ಉಪ್ಪು. ಈ ಎರಡನ್ನೂ ಬಳಸಿಕೊಳ್ಳಲು ಇಲ್ಲಿನವರು ಕಟ್ಟಿಕೊಂಡ ಬೇಸಾಯವೇ ಗಜನಿ.

ಕೊಳ್ಳದ ಪರಂಪರೆ ಎಂದಾಗ ಭಾಷಣಕಾರರಿಗೆ ನೆನಪಾಗುವುದು ಬೇರೆ. ಘಟ್ಟದ ಮೇಲಿನ ಕಾಳುಮೆಣಸು, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿ, ಮಿರ್ಜಾನ ಕೋಟೆ, ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯಿಂದ ಇಳಿದು ಇಲ್ಲಿ ಹಡಗು ಹತ್ತಿ ‘ಕುಮಟಾ ಹತ್ತಿ’ ಎಂದೇ ಹೆಸರು ಪಡೆದ ಹತ್ತಿ, ಸಾಣಿಕಟ್ಟೆಯ ಉಪ್ಪು. ಗಜನಿಯ ಒಡ್ಡು ಈ ಪಟ್ಟಿಯಲ್ಲಿ ಬರುವುದಿಲ್ಲ. ಮಣ್ಣಿನ ಗೋಡೆಗೆ ಯಾರು ಶಾಸನ ಹಾಕಿಸುತ್ತಾರೆ? ಆದರೆ ಕೋಟೆ ಪಾಳು ಬಿದ್ದರೂ ಊರು ನಡೆಯುತ್ತದೆ, ಒಡ್ಡು ಒಡೆದರೆ ಬಾವಿಯ ನೀರೂ ಕೆಡುತ್ತದೆ.

ಗಜನಿಯ ಭತ್ತಕ್ಕೆ ಕಗ್ಗ ಎಂದು ಹೆಸರು. ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧ ಇಲ್ಲ. ನೀರು ಏರಿದರೆ ಪೈರು ಎತ್ತರಕ್ಕೆ ಬೆಳೆಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಅಲ್ಪಸ್ವಲ್ಪ ಉಪ್ಪನ್ನೂ ತಾಳುತ್ತದೆ. ಕೊಯ್ಲಿನಲ್ಲಿ ತೆನೆಯನ್ನು ಮೇಲಿನಿಂದ ಕೊಯ್ದು ಉದ್ದನೆಯ ಕೂಳೆಯನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಉಪ್ಪುನೀರಿನ ಸರದಿ. ಉಬ್ಬರದ ಜೊತೆ ಒಳಬರುವ ಸಿಗಡಿ ಮರಿಗಳಿಗೂ ಮೀನಿಗೂ ಕೊಳೆಯುವ ಕೂಳೆಯೇ ಮೇವು. ಗೋವೆಯ ಖಾಜನ್, ಕೇರಳದ ಪೊಕ್ಕಾಳಿ ಗದ್ದೆಗಳಲ್ಲೂ ನಡೆಯುವುದು ಬಹುಪಾಲು ಇದೇ.

ಎಲ್ಲವೂ ನಿಂತಿರುವುದು ಒಡ್ಡಿನಲ್ಲಿರುವ ನೀರಿನ ಬಾಗಿಲಿನ ಮೇಲೆ. ಈ ಊರಿನ ಬಾಗಿಲನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಮುಂದಿನ ಜಗಳವೆಲ್ಲ ಅಲ್ಲಿಯೇ ಇದೆ. ಎರಡು ಕಡೆ ಕಲ್ಲಿನ ಕಂಬ, ಕಂಬಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಕೊರೆದ ಸಂದು, ಸಂದಿನಲ್ಲಿ ಒಂದರ ಮೇಲೊಂದು ಇಳಿಸುವ ಮರದ ಹಲಗೆಗಳು. ಹಲಗೆಯ ಸಾಲು ಎರಡು. ಮುಚ್ಚಿಡಬೇಕಾದ ತಿಂಗಳುಗಳಲ್ಲಿ ಎರಡು ಸಾಲಿನ ನಡುವೆ ಜಿಗುಟು ಮಣ್ಣನ್ನೂ ಹುಲ್ಲನ್ನೂ ತುಳಿದು ತುಂಬುತ್ತಾರೆ. ಹಲಗೆಗಳ ತುದಿಯಲ್ಲಿ ಉಳಿಯಿಂದ ಹೊಡೆದ ಗೀರುಗಳಿವೆ: ತಳದ ಹಲಗೆಗೆ ಒಂದು, ಅದರ ಮೇಲಿನದಕ್ಕೆ ಎರಡು, ಹೀಗೆ. ಕತ್ತಲೆಯಲ್ಲಿ ಬೆರಳಾಡಿಸಿದರೆ ಯಾವ ಹಲಗೆ ಎಂದು ಗೊತ್ತಾಗಬೇಕು. ಏಕೆಂದರೆ ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಅಮಾವಾಸ್ಯೆಗೋ ಹುಣ್ಣಿಮೆಗೋ ದೊಡ್ಡ ನೀರು ಬರುತ್ತದೆ. ಮಳೆಗಾಲದಲ್ಲಿ ಇಳಿತಕ್ಕೆ ತೆರೆದು ಒಳನೀರನ್ನು ಹೊರಬಿಡಬೇಕು, ಉಬ್ಬರಕ್ಕೆ ಮುಚ್ಚಬೇಕು. ಬೇಸಿಗೆಯಲ್ಲಿ ಅದರ ತಿರುವುಮುರುವು: ಉಬ್ಬರಕ್ಕೆ ತೆರೆದು ಮರಿಯನ್ನು ಒಳಗೆ ಬಿಟ್ಟು, ಇಳಿತಕ್ಕೆ ಬಾಯಿಗೆ ಬಲೆ ಕಟ್ಟಬೇಕು. ನಡುರಾತ್ರಿ ಎರಡು ಗಂಟೆಗೆ ಯಾರಾದರೂ ಅಲ್ಲಿ ನಿಂತಿರಲೇಬೇಕು. ಅವನನ್ನು ಊರಿನಲ್ಲಿ ಬಾಗಿಲಿನವನು ಎನ್ನುತ್ತಾರೆ.

ಹಿಂದೆ ಒಡ್ಡಿನ ಖರ್ಚು ಒಡೆಯರ ಬಾಬ್ತಾಗಿತ್ತು, ಮಣ್ಣು ಹೊರುವುದು ಗೇಣಿದಾರರ ಪಾಲಾಗಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ ಮೇಲೆ, ಅರ್ಜಿ ಹಾಕಿದ ಗೇಣಿದಾರರು ಒಬ್ಬೊಬ್ಬರಾಗಿ ಹಿಡುವಳಿದಾರರಾದರು. ಒಬ್ಬ ಒಡೆಯನ ಜಾಗಕ್ಕೆ ಹತ್ತಾರು ಸಣ್ಣ ಯಜಮಾನರು ಬಂದರು. ಹೆಚ್ಚುಕಡಿಮೆ ಅದೇ ದಶಕದಲ್ಲಿ, ಉಪ್ಪುನೀರಿನಿಂದ ನೆಲ ಕಾಯುವ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಮಣ್ಣಿನ ಒಡ್ಡಿನ ಜಾಗಕ್ಕೆ ಕಲ್ಲಿನ ಒಡ್ಡು ಬಂತು. ಊರಿನವರು ಆಗ ಒಂದು ಸಮಿತಿ ಮಾಡಿಕೊಂಡು ಪುಸ್ತಕ ಇಟ್ಟರು. ನಾನು ಓದಿದ್ದು ಆ ಪುಸ್ತಕಗಳನ್ನು.

ಮೊದಲ ಪುಸ್ತಕಗಳಲ್ಲಿ ಪ್ರತಿವರ್ಷ ತಪ್ಪದೆ ಬರುವ ಒಂದು ಬಾಬ್ತು ಬಾಗಿಲಿನವನ ಸಂಬಳ. ನೆಲ ಇದ್ದವರು ಎಕರೆಗೆ ಇಷ್ಟು ಕೊಳಗ ಭತ್ತ ಎಂದು ಕೊಟ್ಟಿದ್ದಾರೆ. ನೆಲ ಇಲ್ಲದ ಮನೆಗಳ ಹೆಸರೂ ಅದೇ ಪುಟದಲ್ಲಿದೆ: ಅವರು ಭತ್ತದ ಬದಲು ಮೇ ತಿಂಗಳಲ್ಲಿ ಒಡ್ಡಿಗೆ ಮಣ್ಣು ಹೊರಲು ಆಳು ಕೊಟ್ಟಿದ್ದಾರೆ. ಅದಕ್ಕೆ ಪ್ರತಿಯಾಗಿ, ಮಳೆಗೆ ಮುಂಚೆ ಗಜನಿಯ ನೀರನ್ನು ಖಾಲಿ ಮಾಡುವ ದಿನ ಉಳಿದ ಮೀನು, ಏಡಿ, ಸಣ್ಣ ಸಿಗಡಿಯನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು. ಬುಟ್ಟಿ ಹಿಡಿದು ಇಳಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಒಣಗಿಸಿದ ಸಿಗಡಿ ಮಳೆಗಾಲದ ಸಾರಿಗೆ ಆಗುತ್ತಿತ್ತು.

ಉಳಿತಾಯವಾದ ಬಾಬ್ತು

ಎಂಬತ್ತರ ದಶಕದ ಕೊನೆಗೆ ಸಿಗಡಿಗೆ ರಫ್ತಿನ ಬೆಲೆ ಬಂತು. ಅಲ್ಲಿಯವರೆಗೆ ಸಮಿತಿಯೇ ಬಲೆ ಕಟ್ಟಿಸಿ ಮಾರುತ್ತಿದ್ದ ಸಿಗಡಿಯನ್ನು ಹರಾಜಿಗೆ ಇಡುವ ಮಾತು ಹುಟ್ಟಿತು. ಪೇಟೆಯ ಸಾಹುಕಾರರೊಬ್ಬರು ಮೂರು ವರ್ಷದ ಗುತ್ತಿಗೆಗೆ ಹಿಡಿದರು. ಕರಾರು ಬರೆದುಕೊಟ್ಟವರು ಊರಿನ ಶಾಲೆಯ ಮಾಸ್ತರರು. ಅಚ್ಚುಕಟ್ಟಾದ ಕರಾರು, ಅಕ್ಷರವೂ ಮುದ್ದಾಗಿದೆ. ಅದರ ಏಳನೆಯ ಅಂಶ: ‘ಬಾಗಿಲಿನವನ ಸಂಬಳವನ್ನು ಗುತ್ತಿಗೆದಾರರೇ ಕೊಡತಕ್ಕದ್ದು.’

ಇದನ್ನು ಯಾರೂ ವಿರೋಧಿಸಿದ ಗುರುತು ನಡಾವಳಿಯಲ್ಲಿ ಇಲ್ಲ. ವಿರೋಧಿಸಬೇಕಾದ ಕಾರಣವಾದರೂ ಏನು? ಎಕರೆಗೆ ಇಷ್ಟು ಕೊಳಗ ಉಳಿಯಿತು. ವಸೂಲಿಯ ರಗಳೆ ತಪ್ಪಿತು. ಬಾಗಿಲಿನವನಿಗೆ ಸುಗ್ಗಿಗೊಮ್ಮೆ ಬರುತ್ತಿದ್ದ ಭತ್ತದ ಬದಲು ತಿಂಗಳು ತಿಂಗಳು ನಗದು ಸಿಕ್ಕಿತು. ಆ ವರ್ಷದ ಪುಸ್ತಕದಲ್ಲಿ ಈ ಬಾಬ್ತಿನ ಮುಂದೆ ಒಂದು ಅಡ್ಡಗೆರೆ, ಪಕ್ಕದಲ್ಲಿ ‘ಉಳಿತಾಯ’ ಎಂಬ ಷರಾ. ಆಳು ಕೊಟ್ಟ ಮನೆಗಳ ಹೆಸರು ಬರೆಯುವ ಪುಟ ಮರುವರ್ಷದಿಂದ ಖಾಲಿ. ಒಡ್ಡು ಸರ್ಕಾರದ್ದಾಯಿತು, ಬಾಗಿಲು ಸಾಹುಕಾರರದ್ದಾಯಿತು, ಇನ್ನು ಮಣ್ಣು ಹೊರುವುದು ಯಾರಿಗಾಗಿ ಎಂದು ಜನ ಯೋಚಿಸಿರಬೇಕು.

ಆಮೇಲಿನದು ನಿಧಾನವಾಗಿ ನಡೆದದ್ದು. ಸಿಗಡಿಗೆ ಉಪ್ಪುನೀರು ಎಷ್ಟು ದಿನ ನಿಂತರೆ ಅಷ್ಟು ಲಾಭ. ಮೇ ತಿಂಗಳಲ್ಲಿ ಖಾಲಿಯಾಗಬೇಕಿದ್ದ ಗಜನಿ ಜೂನ್ ನಡುವಿನವರೆಗೂ ತುಂಬಿರತೊಡಗಿತು, ಮಳೆ ನೀರಿಗೆ ಉಪ್ಪು ತೊಳೆಯಲು ಸಮಯ ಸಿಗಲಿಲ್ಲ. ಇನ್ನೊಂದು ತುದಿಯಲ್ಲಿ ತೆನೆ ಬಲಿಯುವ ಮುಂಚೆಯೇ ಹಲಗೆ ಏಳತೊಡಗಿತು. ಕಗ್ಗ ಉಪ್ಪನ್ನು ತಾಳುತ್ತದೆ, ಆದರೆ ಹಾಲುಗಾಳಿನ ಹೊತ್ತಿನಲ್ಲಿ ದಿನಗಟ್ಟಲೆ ಉಪ್ಪಿನಲ್ಲಿ ನಿಂತರೆ ಜಳ್ಳಾಗುತ್ತದೆ. ಒಂದೆರಡು ವರ್ಷ ಜಳ್ಳು ಕೊಯ್ದವರು ಬಿತ್ತುವುದನ್ನೇ ಬಿಟ್ಟರು. ಬಿತ್ತದಿದ್ದರೂ ಎಕರೆಯ ಲೆಕ್ಕದಲ್ಲಿ ಗುತ್ತಿಗೆಯ ಪಾಲು ಮನೆಗೆ ಬರುತ್ತಿತ್ತು. ಮಕ್ಕಳು ಗೋವೆಗೋ ಮುಂಬಯಿಗೋ ಹೋಗಿದ್ದ ಮನೆಗಳಿಗೆ ಇದು ಅನುಕೂಲವೇ ಆಗಿತ್ತು. ಇದನ್ನು ದುರಾಸೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆಳಿನ ಕೂಲಿ ಏರುತ್ತಿದ್ದ ಕಾಲದಲ್ಲಿ ಕೆಸರಿಗೆ ಇಳಿಯದೆ ಹಣ ಬರುವುದಾದರೆ ಬೇಡ ಎನ್ನುವವರು ಎಷ್ಟು ಜನ?

ಕರಾವಳಿಯ ಉಳಿದ ಕಡೆ ಆಗ ದೊಡ್ಡ ಗದ್ದಲ ನಡೆದಿತ್ತು. ತೊಂಬತ್ತರ ದಶಕದ ನಡುವೆ ಬಿಳಿಚುಕ್ಕೆ ರೋಗ ಸಿಗಡಿ ಕೊಳಗಳನ್ನು ನೆಲಕಚ್ಚಿಸಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಬೇರೆ ಸಿಗಡಿ ಸಾಕಣೆ ಕೂಡದು ಎಂದು ತೀರ್ಪಿತ್ತಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. ಈ ಊರಿಗೆ ಇವು ಯಾವುದೂ ನೇರವಾಗಿ ತಟ್ಟಲಿಲ್ಲ. ಗಜನಿ ಕಾಗದದ ಮೇಲೆ ಸಾಂಪ್ರದಾಯಿಕವೇ. ಕೊಳ ತೋಡಿಲ್ಲ, ಯಂತ್ರ ಹಚ್ಚಿಲ್ಲ, ಮೇವು ಸುರಿದಿಲ್ಲ. ಬದಲಾದದ್ದು ಹಲಗೆ ಏಳುವ ತಾರೀಖು ಒಂದೇ, ಅದನ್ನು ಯಾವ ಕಾಯ್ದೆಯೂ ಅಳೆಯುವುದಿಲ್ಲ.

ಗುತ್ತಿಗೆದಾರರು ಬದಲಾಗುತ್ತ ಹೋದರು, ಏಳನೆಯ ಅಂಶ ಕರಾರಿನಿಂದ ಕರಾರಿಗೆ ನಕಲಾಗುತ್ತ ಬಂತು. ಒಡ್ಡಿನಲ್ಲಿ ಏಡಿ ಕೊರೆದ ತೂತುಗಳನ್ನು ಮುಚ್ಚುವವರಿಲ್ಲ. ಹೊರಮೈಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಬಲೆಗೆ ಅಡ್ಡಿ ಎಂದು ಒಬ್ಬ ಗುತ್ತಿಗೆದಾರ ಕಡಿಸಿದ. ಅಲೆಯ ಪೆಟ್ಟನ್ನು ತಡೆಯುತ್ತಿದ್ದವು ಅವೇ. 2019ರ ಆಗಸ್ಟ್‌ನಲ್ಲಿ ಜಿಲ್ಲೆಯ ಹೊಳೆಗಳೆಲ್ಲ ಉಕ್ಕಿದಾಗ ಬಾಗಿಲಿನ ಪಕ್ಕದ ಒಡ್ಡು ಕಿತ್ತುಹೋಯಿತು. ನೆರೆ ಇಳಿದ ಮೇಲೆ ಹೊಳೆಯ ಉಬ್ಬರ ದಿನಕ್ಕೆ ಎರಡು ಸಲ ಸೀದಾ ಗದ್ದೆಗೆ ಬಂದು ಹೋಗತೊಡಗಿತು. ಬೇಸಿಗೆಯ ಹೊತ್ತಿಗೆ ಅಂಚಿನ ತೆಂಗಿನ ತೋಟಗಳ ಗರಿ ಹಳದಿಯಾಯಿತು, ತಗ್ಗಿನ ಮನೆಗಳ ಬಾವಿಗಳು ಉಪ್ಪಾದವು. ಗುತ್ತಿಗೆದಾರ ಕೊನೆಯ ಕಂತು ಕೊಡದೆ ಹೊರಟುಹೋದ. ಅವನನ್ನು ತಡೆಯುವ ಅಂಶ ಕರಾರಿನಲ್ಲಿ ಇರಲಿಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಮೊದಲನೆಯದು ಅರ್ಜಿ. ಅದರ ಕಥೆ ಚಿಕ್ಕದು. ಒಡ್ಡು ಕಟ್ಟುವ ಅಂದಾಜುಪಟ್ಟಿ ತಯಾರಾಯಿತು, ತಡವಾಗಿಯಾದರೂ ಕೆಲಸ ನಡೆಯಿತು, ಕಲ್ಲು ಕೂತಿತು. ಅಂದಾಜುಪಟ್ಟಿಯಲ್ಲಿ ಕಲ್ಲಿಗೆ ಹಣವಿತ್ತು, ಹಲಗೆಗೆ ಇರಲಿಲ್ಲ. ಒಡ್ಡು ನಿಂತಿತು, ಬಾಗಿಲು ಬಾಯಿ ತೆರೆದುಕೊಂಡೇ ಉಳಿಯಿತು. ಮರಳಿನ ಚೀಲ ಒಟ್ಟಿದರು. ಎರಡು ದೊಡ್ಡ ಉಬ್ಬರಕ್ಕೆ ಚೀಲಗಳು ಹೊಳೆಯ ಪಾಲಾದವು.

ಎರಡನೆಯದು ಅಕ್ಕಿ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಮರಳಿದ ಒಬ್ಬ ಯುವಕ ಕಗ್ಗದ ಅಕ್ಕಿಯನ್ನು ಪೊಟ್ಟಣ ಮಾಡಿ ಮಾರುವ ಯೋಜನೆ ತಂದ. ವಿಷವಿಲ್ಲದ ಹಳೆಯ ತಳಿ, ಕೆಂಪು ಕುಚ್ಚಲಕ್ಕಿ, ಕೊಳ್ಳದ ಇತಿಹಾಸ. ಪೊಟ್ಟಣದ ಮೇಲೆ ಮಿರ್ಜಾನ ಕೋಟೆಯ ಚಿತ್ರವೂ ಬಂತು. ನನಗೆ ಇದರ ಬಗ್ಗೆ ಕುಹಕವಿಲ್ಲ. ಸ್ವಸಹಾಯ ಸಂಘದ ಹೆಂಗಸರು ಮನೆಯಲ್ಲೇ ಭತ್ತ ಕುದಿಸಿ ಒಣಗಿಸಿ ಕೊಟ್ಟ ಮೊದಲ ಕಂತು ಶಿರಸಿಯ ಒಂದು ಮೇಳದಲ್ಲಿ ಮಧ್ಯಾಹ್ನದೊಳಗೆ ಖರ್ಚಾಯಿತು. ಬೇಡಿಕೆ ಬಂದದ್ದೇ ತೊಂದರೆಯಾಯಿತು. ಆಗ ಎತ್ತರದ ಅಂಚಿನ ಕೆಲವೇ ತಾಕುಗಳಲ್ಲಿ ಕಗ್ಗ ಉಳಿದಿತ್ತು. ಕೇಳಿದವರಿಗೆಲ್ಲ ಕೊಡಲು ಭತ್ತ ಎಲ್ಲಿ? ಮಧ್ಯದ ವ್ಯಾಪಾರಿಯೊಬ್ಬ ಬೇರೆ ಕೆಂಪಕ್ಕಿಯನ್ನು ಬೆರೆಸಿ ಚೀಲ ಕಳಿಸಿದ. ಕಗ್ಗ ಉಂಡು ಬೆಳೆದ ಗಿರಾಕಿಯೊಬ್ಬರು ಅನ್ನ ಮಾಡಿದ ದಿನವೇ ಫೋನು ಮಾಡಿ, ಇದು ಗಜನಿಯ ಅಕ್ಕಿ ಅಲ್ಲ ಎಂದರು. ಹೆಂಗಸರು ತಾವಾಗಿಯೇ ಮಾರಾಟ ನಿಲ್ಲಿಸಿದರು. ನಷ್ಟ ದೊಡ್ಡದಲ್ಲ, ಆದರೆ ಸಂಘದ ಹೆಸರು ಕೆಡಿಸಿಕೊಳ್ಳಬಾರದು ಎಂಬ ಈ ತೀರ್ಮಾನ ಮುಂದೆ ಬೆಲೆ ತಂದಿತು. ಗಜನಿಯ ಮಾತುಕತೆಗೆ ಕೂತಾಗ ನೆಲ ಇದ್ದವರು ಮರು ಮಾತಿಲ್ಲದೆ ನಂಬಿದ ಗುಂಪೆಂದರೆ ಇವರದ್ದೇ.

ಮೂರನೆಯದು ನಡೆಯುವ ಮುಂಚೆಯೇ ನಿಂತದ್ದು. ಹೊರಗಿನ ಒಂದು ತಂಡ ಗಜನಿಯನ್ನು ದೀರ್ಘ ಗುತ್ತಿಗೆಗೆ ಹಿಡಿದು ದೋಣಿವಿಹಾರ, ಹೋಂಸ್ಟೇ ಮಾಡುವ ಮಾತು ಆಡಿತು. ಬಾವಿಯ ನೀರು ಉಪ್ಪಾದ ಊರಿನಲ್ಲಿ ಅತಿಥಿಗಳಿಗೆ ಚಹಾ ಯಾವ ನೀರಿನಲ್ಲಿ ಮಾಡುತ್ತೀರಿ ಎಂದು ಒಬ್ಬರು ಕೇಳಿದ ಮೇಲೆ ಮಾತು ಮುಂದುವರಿಯಲಿಲ್ಲ.

ಸಭೆ

ಪುಸ್ತಕ ಓದಿ ಮುಗಿಸಿದ ಮೇಲೆ ದೇವಸ್ಥಾನದ ಚಂದ್ರಶಾಲೆಯಲ್ಲಿ ಸಭೆ ಕರೆದರು. ವಿಷಯ ಬಾಗಿಲಿನ ಹಲಗೆಗೆ ಹಣ ಎತ್ತುವುದು. ನೆಲ ಇಲ್ಲದ ಮನೆಗಳಿಂದಲೂ ಒಬ್ಬೊಬ್ಬರು ಬರಲಿ ಎಂದು ನಾನು ಕೇಳಿಕೊಂಡಿದ್ದೆ. ಪುಸ್ತಕದ ಹಳೆಯ ಪುಟದಲ್ಲಿ ಅವರ ಹೆಸರು ಇದ್ದುದರಿಂದ ಅದಕ್ಕೆ ಯಾರೂ ಅಡ್ಡಿ ಹೇಳಲಿಲ್ಲ. ಹಳೆಯ ಬಾಬ್ತುಗಳನ್ನು ಓದುತ್ತ ಸಂಬಳದ ಬಾಬ್ತು ನಿಂತ ವರ್ಷಕ್ಕೆ ಬಂದಾಗ, ಊರಿನ ಕೊನೆಯ ಬಾಗಿಲಿನವನ ಹೆಂಡತಿ, ಈಗ ಎಂಬತ್ತರ ಆಸುಪಾಸಿನ ಅಜ್ಜಿ, ಮಾತು ತೆಗೆದರು.

“ನಮ್ಮ ಮನೆಯವರು ಊರಿನ ಭತ್ತ ಉಣ್ಣುವಾಗ, ರಾತ್ರಿ ನೀರು ಹೆಚ್ಚು ಬಂದರೆ ಬೆಳಿಗ್ಗೆ ಹತ್ತು ಜನ ಅಂಗಳಕ್ಕೆ ಬಂದು ಬೈಯುತ್ತಿದ್ದರು. ಸಾಹುಕಾರರು ಸಂಬಳ ಕೊಡಲು ಶುರುಮಾಡಿದ ಮೇಲೆ ಬೈಯಲು ಯಾರೂ ಬರಲಿಲ್ಲ. ನಮಗೂ ಅದೇ ಸುಖ ಅನ್ನಿಸಿತ್ತು.”

“ಅಲ್ಲ ಅಮ್ಮ, ಇದನ್ನು ಆಗಲೇ ಯಾರಿಗಾದರೂ ಹೇಳಬಹುದಿತ್ತಲ್ಲ?” ಎಂದರು ಮಾಸ್ತರರು.

“ಕರಾರು ಬರೆದುಕೊಟ್ಟವರು ನೀವೇ ಅಲ್ಲವೇ ಮಾಸ್ತರರೇ?”

ಸಭೆಯಲ್ಲಿ ನಗು ಎದ್ದಿತು, ಮಾಸ್ತರರೂ ನಕ್ಕರು. ಆದರೆ ಮಾತಿನ ದಿಕ್ಕು ಅಲ್ಲಿಂದ ಬದಲಾಯಿತು. ಅಲ್ಲಿಯವರೆಗೆ ಇದ್ದ ಪ್ರಶ್ನೆ ಹಲಗೆಗೆ ಎಷ್ಟು ಖರ್ಚು, ಹೊಸ ಗುತ್ತಿಗೆದಾರ ಯಾರು ಎಂಬುದು. ಆಮೇಲೆ ಚರ್ಚೆಯಾದದ್ದು ಬಾಗಿಲಿನವನನ್ನು ಬೈಯುವ ಹಕ್ಕು ಯಾರಿಗೆ ಎಂಬುದು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುವು ಇದೇ. ಗುತ್ತಿಗೆದಾರರಲ್ಲಿ ಯಾರೂ ಬಾಗಿಲನ್ನು ಕಸಿದುಕೊಂಡಿರಲಿಲ್ಲ. ಊರೇ ಒಂದು ಸಣ್ಣ ಖರ್ಚನ್ನು ಉಳಿಸಲು ಹೋಗಿ ಅದನ್ನು ದಾಟಿಸಿತ್ತು, ಆ ಖರ್ಚಿನ ಜೊತೆ ಬೆಳಿಗ್ಗೆ ಅಂಗಳಕ್ಕೆ ಹೋಗಿ ಕೇಳುವ ಅಧಿಕಾರವೂ ಹೋಗಿತ್ತು. ಸಹಕಾರಿ ಸಂಘಗಳಲ್ಲಿ ಕಾರ್ಯದರ್ಶಿಯ ಸಂಬಳವನ್ನು ದೊಡ್ಡ ಸದಸ್ಯನೊಬ್ಬ ‘ಉಪಕಾರ’ಕ್ಕೆ ಕೊಡಲು ಶುರುಮಾಡಿದಾಗ ಆಗುವುದೂ ಇದೇ. ವೃತ್ತಿಯಲ್ಲಿದ್ದಾಗ ಇದನ್ನು ನೋಡಿ ಬಲ್ಲೆ.

ಕೇರಳದಲ್ಲಿ ಪೊಕ್ಕಾಳಿ ಗದ್ದೆಗಳಿಗೆ ‘ಒಂದು ಭತ್ತ, ಒಂದು ಮೀನು’ ಎಂಬ ಸರ್ಕಾರಿ ನೀತಿಯಿದೆ, ಅದನ್ನೇ ನಮಗೂ ತರಿಸೋಣ ಎಂದು ಕೆಲವರು ಹೇಳಿದರು. ನೀತಿ ಬರುವವರೆಗೆ ಕಾಯುವುದು ಬೇಡ, ಕರಾರು ನಮ್ಮ ಕೈಯಲ್ಲೇ ಇದೆಯಲ್ಲ ಎಂದವರು ಸ್ವಸಹಾಯ ಸಂಘದ ಅಕ್ಕಂದಿರು. ಕೆಲವು ವಾರಗಳ ಹಗ್ಗಜಗ್ಗಾಟದ ನಂತರ ಬರೆದದ್ದು ಹೀಗೆ. ಹರಾಜಿಗೆ ಇಡುವುದು ಗಜನಿಯನ್ನಲ್ಲ, ಬಾಗಿಲಿನ ಬಾಯಿಯ ಬಲೆಯನ್ನು ಮಾತ್ರ. ಅದೂ ಕೊಯ್ಲು ಮುಗಿದ ಮೇಲಿನಿಂದ ಏಪ್ರಿಲ್ ಕೊನೆಯವರೆಗೆ, ಒಂದು ಸಲಕ್ಕೆ ಒಂದೇ ವರ್ಷ. ಬಲೆಯವನು ಹಲಗೆಯನ್ನು ಮುಟ್ಟುವಂತಿಲ್ಲ. ಬಾಗಿಲಿನವನನ್ನು ನೇಮಿಸುವುದು, ಬಿಡಿಸುವುದು, ಸಂಬಳ ಕೊಡುವುದು ಸಮಿತಿ. ಸಮಿತಿಯಲ್ಲಿ ನೆಲ ಇಲ್ಲದ ಮನೆಗಳ ಮೂವರು, ಅವರಲ್ಲಿ ಇಬ್ಬರು ಹೆಂಗಸರು. ಹರಾಜಿನ ಹಣದಲ್ಲಿ ಒಂದು ಪಾಲು ಮೊದಲು ಒಡ್ಡಿಗೆ, ಉಳಿದದ್ದು ಎಕರೆಯ ಲೆಕ್ಕಕ್ಕೆ. ಬಿತ್ತಿದವನಿಗೆ ಎಕರೆಯ ಪಾಲು ಪೂರ್ತಿ, ಬೀಳು ಬಿಟ್ಟವನಿಗೆ ಅರ್ಧ. ಮೇ ತಿಂಗಳಲ್ಲಿ ಗಜನಿ ಖಾಲಿ ಮಾಡುವ ದಿನ ಹಿಂದಿನಂತೆ ಎಲ್ಲರಿಗೂ ಮುಕ್ತ.

ಬೀಳು ಬಿಟ್ಟವನಿಗೆ ಅರ್ಧ ಎಂಬುದಕ್ಕೆ ದೊಡ್ಡ ಜಗಳವಾಯಿತು. ಮುಂಬಯಿಯಲ್ಲಿ ನೆಲೆಸಿದ ಒಂದು ದೊಡ್ಡ ಹಿಡುವಳಿಯ ಮನೆಯವರು ಒಪ್ಪಲಿಲ್ಲ, ನಮ್ಮ ಪಹಣಿ ನಮ್ಮ ಹೆಸರಿನಲ್ಲಿದೆ ಎಂದರು. ಕಾನೂನಿನ ಪ್ರಕಾರ ಅವರ ಮಾತು ತಪ್ಪಲ್ಲ. ಬಲವಂತ ಮಾಡುವುದು ಬೇಡ, ಅವರ ಭಾಗಕ್ಕೆ ಹಳೆಯಂತೆ ಪೂರ್ತಿ ಪಾಲು ಕೊಟ್ಟು ಮುಂದೆ ಹೋಗೋಣ ಎಂದು ಸಮಿತಿ ನಿರ್ಧರಿಸಿತು. ನ್ಯಾಯ ಹೀಗಲ್ಲ ಎಂದು ತರುಣರು ಸಿಡಿದರು. ನನಗೆ ಮಾತ್ರ ಇದು ಸಮಿತಿಯ ಜಾಣ ತೀರ್ಮಾನವೆನಿಸಿತು: ಕೋರ್ಟಿಗೆ ಹೋಗಿದ್ದರೆ ತಡೆಯಾಜ್ಞೆ ಬಂದು ಹಲಗೆ ಇಳಿಸುವುದೇ ನಿಲ್ಲುತ್ತಿತ್ತು, ಉಪ್ಪು ನೀರು ತೀರ್ಪಿಗೆ ಕಾಯುವುದಿಲ್ಲ.

ಆಮೇಲೆ ಆದದ್ದು

ಹಲಗೆಗೆ ಮರ ಸಿಕ್ಕಿತು, ಊರಿನ ಬಡಗಿಯೇ ಕೊಯ್ದು ಗೀರು ಹೊಡೆದ. ಬಾಗಿಲಿನವನಾಗಿ ಬಂದದ್ದು ಆ ಅಜ್ಜಿಯ ಮೊಮ್ಮಗ. ಮೊದಲ ವರ್ಷ ನೆಲದ ಉಪ್ಪು ಪೂರ್ತಿ ಬಿಡಲಿಲ್ಲ. ತಗ್ಗಿನಲ್ಲಿ ಪೈರು ತೇಪೆ ತೇಪೆಯಾಗಿ ಸುಟ್ಟಿತು. ಬೀಜವೂ ಸಾಕಷ್ಟು ಇರಲಿಲ್ಲ. ಅಂಚಿನ ತಾಕುಗಳಲ್ಲಿ ಹಟಕ್ಕೆ ಬಿದ್ದು ಕಗ್ಗ ಉಳಿಸಿಕೊಂಡಿದ್ದ ಇಬ್ಬರು ರೈತರ ಕಣಜದಿಂದ ಒಂದಷ್ಟು, ಹೊಳೆಯಾಚೆಯ ಊರಿನಿಂದ ಒಂದಷ್ಟು ತಂದರು. ಆ ಇಬ್ಬರು ಉಳಿಸದೇ ಇದ್ದಿದ್ದರೆ ಕರಾರು ಎಷ್ಟು ಚೆನ್ನಾಗಿದ್ದರೂ ಬಿತ್ತಲು ಏನೂ ಇರುತ್ತಿರಲಿಲ್ಲ. ಎರಡನೆಯ ವರ್ಷ ತಗ್ಗಿನ ಗದ್ದೆಯೂ ಹಸಿರಾಯಿತು. ಈಗ ಗಜನಿಯ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಬಿತ್ತನೆಯಲ್ಲಿದೆ. ಅಕ್ಕಿಯ ಪೊಟ್ಟಣ ಮತ್ತೆ ಶುರುವಾಗಿದೆ, ಊರಿನ ಭತ್ತ ಮುಗಿದ ದಿನ ಮಾರಾಟವೂ ಮುಗಿಯುತ್ತದೆ.

ಹರಾಜಿನ ಮೊತ್ತ ಇಳಿಯಿತು. ಹಲಗೆ ಕೈಗೆ ಸಿಗದಿದ್ದರೆ ಯಾರು ಮೊದಲಿನಷ್ಟು ಕೂಗುತ್ತಾರೆ? ನೆಲ ಇದ್ದ ಮನೆಗಳಿಗೆ ಕೈಗೆ ಬರುವ ನಗದು ಕಡಿಮೆಯಾಗಿದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಭತ್ತ, ಹುಲ್ಲು, ಬಾವಿಯ ನೀರು ಸೇರಿಸಿದರೆ ನಷ್ಟವಿಲ್ಲ ಎಂದು ಕೆಲವರು ಲೆಕ್ಕ ಹಾಕುತ್ತಾರೆ, ಬೇಸಾಯ ಮಾಡದವರಿಗೆ ಆ ಲೆಕ್ಕ ಕೂಡುವುದಿಲ್ಲ. ಬಾವಿಗಳಲ್ಲಿ ಕೆಲವು ಸಿಹಿಗೆ ತಿರುಗಿವೆ, ಬಾಗಿಲಿನ ಹತ್ತಿರದ ಎರಡು ಇನ್ನೂ ಉಪ್ಪೇ. ಮೇ ತಿಂಗಳ ಮುಕ್ತ ದಿನಕ್ಕೆ ಮೊದಲ ಸಲ ಅಕ್ಕಪಕ್ಕದ ಊರುಗಳಿಂದಲೂ ಜನ ಬುಟ್ಟಿ ಹಿಡಿದು ಬಂದು ಗಲಾಟೆಯಾಯಿತು. ಮರುವರ್ಷ ಒಡ್ಡಿಗೆ ಆಳು ಕೊಟ್ಟ ಮನೆಗೆ ಮಾತ್ರ ಚೀಟಿ ಎಂದು ಮಾಡಿದರು, ಖಾಲಿ ಬಿದ್ದಿದ್ದ ಆ ಪುಟ ಮತ್ತೆ ತುಂಬಿತು.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಹಿಂದೆ ತದಡಿಗೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಇದೇ ಕೊಳ್ಳದ ಜನ ಬೀದಿಗಿಳಿದು ತಡೆದಿದ್ದರು, ಹಾಗಾಗಿ ಹೆಮ್ಮೆ ಸಹಜ. ಊರಿನಲ್ಲಿ ಒಂದು ಸಮಾರಂಭವೂ ಆಯಿತು. ಹೊರಗಿನಿಂದ ಬರುವ ಬೆದರಿಕೆಯ ಎದುರು ಒಂದಾಗುವುದು ನಮ್ಮವರಿಗೆ ಗೊತ್ತು. ಬಾಗಿಲಿನ ಹಲಗೆಯ ವಿಷಯದಲ್ಲಿ ಎದುರಾಳಿ ಯಾರೂ ಇರಲಿಲ್ಲ, ಅದಕ್ಕೇ ಮೂವತ್ತು ವರ್ಷ ಹಿಡಿಯಿತು ಎಂದು ನನ್ನ ಎಣಿಕೆ.

ಮೂರನೆಯ ಹರಾಜಿನಲ್ಲಿ ಪೇಟೆಯ ಒಬ್ಬ ಬಿಡ್ಡುದಾರ ಉಳಿದವರಿಗಿಂತ ಬಹಳ ಮೇಲೆ ಕೂಗಿ, ಜೊತೆಗೆ ಒಂದು ಮಾತು ಸೇರಿಸಿದ: ಬಾಗಿಲಿನವನ ಸಂಬಳವೂ ನನ್ನದೇ, ಆ ಖರ್ಚು ನಿಮಗೇಕೆ? ಸಮಿತಿ ಎರಡಾಯಿತು. ಒಪ್ಪಿಕೊಳ್ಳೋಣ ಎಂದವರಲ್ಲಿ ಬಾಗಿಲಿನವನೂ ಇದ್ದ. ಅವನ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಸಮಿತಿ ಅವನ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಿರಲಿಲ್ಲ. ಸುಗ್ಗಿಯ ನಂತರ, ಹರಾಜಿನ ನಂತರ ಎಂದು ಮುಂದೂಡುತ್ತ ಬಂದು ಬಾಕಿ ಬೆಳೆದಿತ್ತು. “ನನ್ನ ಅಜ್ಜನಿಗೆ ಭತ್ತ ಸಾಕಾಗುತ್ತಿತ್ತು, ನನಗೆ ಮಗುವಿನ ಶಾಲೆಯ ಫೀ ಜೂನ್‌ನಲ್ಲೇ ಕಟ್ಟಬೇಕು” ಎಂದ. ಅಜ್ಜಿ ಮೊಮ್ಮಗನ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವಾಗಿಯೂ ಮಾತಾಡಲಿಲ್ಲ. ಕೈ ಎತ್ತಿಸಿದಾಗ ಒಂದೇ ಒಂದು ಮತದ ಅಂತರದಿಂದ ಆ ಬಿಡ್ಡು ಬಿದ್ದುಹೋಯಿತು. ಅದೇ ಸಭೆಯಲ್ಲಿ ಹರಾಜಿನ ಮುಂಗಡದಿಂದ ಹನ್ನೆರಡು ತಿಂಗಳ ಸಂಬಳವನ್ನು ಮೊದಲೇ ತೆಗೆದು ಸಹಕಾರಿ ಸಂಘದಲ್ಲಿ ಬೇರೆ ಖಾತೆಗೆ ಹಾಕುವುದು, ಎಕರೆಯ ಪಾಲು ಹಂಚುವುದು ಅದಾದ ಮೇಲೆಯೇ ಎಂದು ಠರಾವು ಬರೆದರು. ಖಾತೆಗೆ ಇಬ್ಬರ ಸಹಿ ಬೇಕು, ಒಬ್ಬರು ನೆಲ ಇದ್ದವರು, ಇನ್ನೊಬ್ಬರು ನೆಲ ಇಲ್ಲದ ಮನೆಯವರು. ಮುಂಬಯಿಯ ಮನೆಯವರು ಈ ಠರಾವಿಗೂ ತಕರಾರು ಕಳಿಸಿದ್ದಾರೆ, ಅದರ ಉತ್ತರವನ್ನು ಮಾಸ್ತರರು ಬರೆಯುತ್ತಿದ್ದಾರೆ.